ಎರೆಭೂಮಿಯ ಮೇಲಿನ ಮನೆಯ ಪಾಯ ದುರಸ್ತಿಗೆ ಗೃಹವಿಮೆಯ ಹಣ ಬರುತ್ತದೆಯೇ?

ಪ್ರಶ್ನೆ: ನಿವೃತ್ತ ಶಿಕ್ಷಕಿ, ವಿಜಯಪುರ

ಎಲ್ಲರಿಗೂ ನಮಸ್ಕಾರ. ವಿಜಯಪುರ ನಗರದ ಹೊರಭಾಗದ ಬಡಾವಣೆಯೊಂದರಲ್ಲಿ 2016ರಲ್ಲಿ ನಾವು ಕಟ್ಟಿಸಿದ ಮನೆಯ ಪಾಯದ ಕುರಿತು ಈ ಪ್ರಶ್ನೆ. ನೆಲಮಹಡಿ ಮಾತ್ರ ಇರುವ, ಸುಮಾರು 1,200 ಚದರ ಅಡಿಯ ಮನೆ. ಕಲ್ಲಿನ ಪಾಯ, ಇಟ್ಟಿಗೆಯ ಗೋಡೆ, ಮೇಲೆ ಆರ್‌ಸಿಸಿ ಸ್ಲ್ಯಾಬ್ ಇದೆ. ಬಡಾವಣೆಯಾಗುವ ಮುನ್ನ ಅದು ಜೋಳ ಕಡಲೆ ಬೆಳೆಯುತ್ತಿದ್ದ ಎರೆಹೊಲವಾಗಿತ್ತು.

ಈ ವರ್ಷ ಈಶಾನ್ಯ ಮೂಲೆಯ ಕೋಣೆಯಲ್ಲಿ ಕಿಟಕಿಯ ಕೆಳಮೂಲೆಯಿಂದ ನೆಲದ ಕಡೆಗೆ ಓರೆಯಾಗಿ ಬಿರುಕು ಬಿಟ್ಟಿದೆ. ಐದು ರೂಪಾಯಿಯ ನಾಣ್ಯವನ್ನು ಅಡ್ಡ ಹಿಡಿದು ತೂರಿಸಬಹುದಾದಷ್ಟು ಅಗಲವಾಗಿದೆ. ಅದೇ ಕೋಣೆಯ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡು ಮುಚ್ಚಲು ಬರುತ್ತಿಲ್ಲ. ಬಿರುಕು ಕಾಣಿಸುವುದಕ್ಕೆ ಕೆಲವು ವಾರಗಳ ಮೊದಲು ಆ ಕೋಣೆಗೆ ಹೊಂದಿದ ಬಚ್ಚಲಮನೆಯ ನೆಲದಡಿಯ ನೀರಿನ ಪೈಪು ಒಡೆದಿತ್ತು. ಪ್ಲಂಬರ್ ನೆಲ ಒಡೆದು ನೋಡಿದಾಗ ಎಲ್ಬೋ ಜೋಡಣೆ ಸೀಳಿಹೋಗಿತ್ತು, ಮಣ್ಣು ಕೆಸರಾಗಿತ್ತು. ಇದಲ್ಲದೆ ಪಶ್ಚಿಮಕ್ಕಿರುವ ನಿವೇಶನದಲ್ಲಿ ನೆಲಮಾಳಿಗೆಗಾಗಿ ಆಳವಾಗಿ ಅಗೆಯುತ್ತಿದ್ದಾರೆ. 2021 ಮತ್ತು 2022ರಲ್ಲಿ ನಮ್ಮ ಜಿಲ್ಲೆಯಲ್ಲಿ ಭೂಮಿ ಕಂಪಿಸಿದಾಗಿನ ಕೂದಲೆಳೆಯ ಗೆರೆಗಳೂ ಬೇರೆ ಗೋಡೆಗಳಲ್ಲಿ ಇವೆ.

ನಮ್ಮ ಗೌಂಡಿ ಮೂಲೆಯ ಪಾಯವನ್ನು ಅಗೆದು ಕೆಳಗೆ ಕಾಂಕ್ರೀಟ್ ತುಂಬಬೇಕೆಂದು ಹೇಳುತ್ತಾರೆ. ಗೃಹಸಾಲ ಪಡೆದ ಬ್ಯಾಂಕಿನ ಮೂಲಕ ಮಾಡಿಸಿದ ಭಾರತ್ ಗೃಹ ರಕ್ಷಾ ಪಾಲಿಸಿ ಚಾಲ್ತಿಯಲ್ಲಿದೆ. ವಿಮಾ ಕಂಪನಿಯ ಶಾಖೆಗೆ ಹೋಗಿ ಕೇಳಿದರೆ "ಪಾಯಕ್ಕೆ ವಿಮೆ ಬರುವುದಿಲ್ಲ" ಎಂದು ಬಾಯಿಮಾತಿನಲ್ಲಿ ಹೇಳಿ ಕಳುಹಿಸಿದರು. ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದೆಲ್ಲ ಅಮೆರಿಕದ ಲೇಖನಗಳೇ. ಒಂದು ಬರುತ್ತದೆ ಎನ್ನುತ್ತದೆ, ಇನ್ನೊಂದು ಬರುವುದಿಲ್ಲ ಎನ್ನುತ್ತದೆ. ದುರಸ್ತಿ ಆರಂಭಿಸುವ ಮುನ್ನ ಬಲ್ಲವರ ಮಾತು ಕೇಳಬೇಕೆಂದು ಬರೆದಿದ್ದೇನೆ.

ಉತ್ತರ: ವಿಮಾ ಸಲಹೆಗಾರ, ಬೆಳಗಾವಿ

ಅಕ್ಕೋರೇ, ನಮಸ್ಕಾರ. ಮೊದಲಿಗೆ, ಗೌಂಡಿಯವರಿಗೆ ಗುದ್ದಲಿ ಹಾಕಬೇಡಿರೆಂದು ಹೇಳಿ. ನಷ್ಟವನ್ನು ಪರಿಶೀಲಿಸಿ ಅಂದಾಜು ಮಾಡುವ ವಿಮಾ ಸರ್ವೇಯರ್ ಬಂದು ನೋಡುವ ಮುನ್ನ ಪಾಯ ಅಗೆದರೆ ನಷ್ಟದ ಕಾರಣವನ್ನು ತೋರಿಸುವ ಸಾಕ್ಷಿಯೇ ಮಣ್ಣುಪಾಲಾಗುತ್ತದೆ. ಒಡೆದ ಎಲ್ಬೋ ತುಂಡು ಇನ್ನೂ ಮನೆಯಲ್ಲಿದ್ದರೆ ಅದನ್ನು ಗುಜರಿಗೆ ಹಾಕದೆ ಚೀಲದಲ್ಲಿ ಕಟ್ಟಿಡಿ. ಪ್ಲಂಬರರಿಂದ ದಿನಾಂಕ ಹಾಕಿದ ರಸೀದಿ ಪಡೆಯಿರಿ.

ಶಾಖೆಯಲ್ಲಿ ಹೇಳಿದ ಮಾತು ಪೂರ್ತಿ ಸರಿಯಲ್ಲ. ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2021ರ ಏಪ್ರಿಲ್ 1ರಿಂದ ಜಾರಿಗೆ ತಂದ ಭಾರತ್ ಗೃಹ ರಕ್ಷಾ ಒಂದು ಪ್ರಮಾಣಿತ ಪಾಲಿಸಿಯಾಗಿದ್ದು, ಯಾವ ಕಂಪನಿಯಿಂದ ಕೊಂಡರೂ ಮೂಲ ಒಕ್ಕಣೆ ಒಂದೇ ಇರುತ್ತದೆ. ಅದರಲ್ಲಿ ಬೆಂಕಿ, ಸಿಡಿಲು, ಭೂಕಂಪ, ಬಿರುಗಾಳಿ, ಪ್ರವಾಹ ಮತ್ತು ಜಲಾವೃತ, ಮನೆ ನಿಂತ ನೆಲದ ಕುಸಿತ, ಹೊರಗಿನ ವಸ್ತು ಬಡಿದು ಆಗುವ ಹಾನಿ, ನೀರಿನ ಟ್ಯಾಂಕು ಮತ್ತು ಪೈಪುಗಳು ಒಡೆದು ಅಥವಾ ಉಕ್ಕಿ ಆಗುವ ಹಾನಿ ಹೀಗೆ ಘಟನೆಗಳನ್ನು ಹೆಸರಿಸಿ, ಆ ಘಟನೆಯಿಂದ ಕಟ್ಟಡಕ್ಕಾದ ನಷ್ಟವನ್ನು ತುಂಬಿಕೊಡುವುದಾಗಿ ಹೇಳಲಾಗಿದೆ. ಆದ್ದರಿಂದ ಕೆಟ್ಟಿರುವುದು ಪಾಯವೋ, ಗೋಡೆಯೋ, ಸ್ಲ್ಯಾಬೋ ಎನ್ನುವುದಕ್ಕಿಂತ, ಅದು ಕೆಡಲು ಪಟ್ಟಿಯಲ್ಲಿರುವ ಯಾವ ಘಟನೆ ಕಾರಣ ಎನ್ನುವುದರ ಮೇಲೆ ಕ್ಲೇಮು ನಿಲ್ಲುತ್ತದೆ. ಘಟನೆಯೇ ಇಲ್ಲದೆ, ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುವ ಎರೆಮಣ್ಣಿನಿಂದ ವರ್ಷದಿಂದ ವರ್ಷಕ್ಕೆ ಸೀಳುವ ಪಾಯಕ್ಕೆ ಹಣ ಬರುವುದಿಲ್ಲ. ಶಾಖೆಯವರು ನೋಡಿರುವುದು ಬಹುಶಃ ಅಂತಹ ಕ್ಲೇಮುಗಳನ್ನೇ.

ಈಗ ಪಾಲಿಸಿಯ ಪುಸ್ತಿಕೆ ತೆಗೆದು ಘಟನೆಗಳ ಕೋಷ್ಟಕವನ್ನು ನೋಡಿ. ಎಡಗಡೆ ಘಟನೆ, ಬಲಗಡೆ ಆ ಘಟನೆಯಲ್ಲಿ ಏನನ್ನು ಹೊರಗಿಟ್ಟಿದ್ದಾರೆ ಎಂಬುದು ಇರುತ್ತದೆ. ನೆಲದ ಕುಸಿತದ ಸಾಲಿನ ಎದುರು ದೊಡ್ಡ ಪಟ್ಟಿಯೇ ಇದೆ: ಹೊಸ ಕಟ್ಟಡ ಸಹಜವಾಗಿ ಕೂತು ಬಿಡುವ ಬಿರುಕು, ಮಣ್ಣು ತುಂಬಿ ಎತ್ತರಿಸಿದ ಜಾಗದ ಕುಸಿತ ಅಥವಾ ಸರಿತ, ಸಮುದ್ರ ಅಥವಾ ನದಿಯ ಕೊರೆತ, ವಿನ್ಯಾಸ, ಕೆಲಸ ಅಥವಾ ಸಾಮಗ್ರಿಯ ದೋಷ, ಕೊನೆಗೆ ಕಟ್ಟುವ, ಕೆಡಹುವ, ಅಗೆಯುವ ಕೆಲಸಗಳಿಂದಾದ ಹಾನಿ. ಇಷ್ಟನ್ನು ತೆಗೆದ ಮೇಲೆ ಕುಸಿತದ ಸಾಲಿನಲ್ಲಿ ನಮ್ಮ ಕಡೆಯ ಮನೆಗಳಿಗೆ ಉಳಿಯುವುದು ಬಹಳ ಕಡಿಮೆ. ಹಳೆಯ ಬಾವಿಯನ್ನೋ ಕಲ್ಲಿನ ಖಣಿಯನ್ನೋ ಮುಚ್ಚಿ ಮಾಡಿದ ಪ್ಲಾಟುಗಳ ಕ್ಲೇಮಂತೂ ಅಲ್ಲಿಯೇ ಬಿದ್ದುಹೋಗುತ್ತದೆ. ನಿಮ್ಮ ಪಕ್ಕದ ನಿವೇಶನದ ಅಗೆತವೇ ಕಾರಣವೆಂದು ನೀವೇ ಬರೆದುಕೊಟ್ಟರೆ ಈ ಹೊರಗಿಡುವ ಪಟ್ಟಿಯಲ್ಲಿ ನೀವಾಗಿಯೇ ಹೋಗಿ ಕೂತಂತೆ.

ಆದರೆ ಈ ಪಟ್ಟಿ ಇರುವುದು ಕುಸಿತದ ಸಾಲಿನ ಎದುರು ಎಂಬುದನ್ನು ಮರೆಯಬೇಡಿ. ಪೈಪು ಒಡೆಯುವುದು ಬೇರೆಯ ಸಾಲು. ಆದಕಾರಣ ಪೈಪು ಒಡೆದದ್ದೇ ಮೂಲ ಕಾರಣವೆಂದು ತಾಂತ್ರಿಕವಾಗಿ ತೋರಿಸಲು ಸಾಧ್ಯವಾದರೆ, ಕ್ಲೇಮನ್ನು ಆ ಸಾಲಿನಡಿ ಕೇಳಬೇಕು. ಇಲ್ಲಿ ವಾದ ಹುಟ್ಟುವುದು "ಒಡೆದದ್ದು" ಮತ್ತು "ತಿಂಗಳುಗಟ್ಟಲೆ ಜಿನುಗಿದ್ದು" ಇವೆರಡರ ನಡುವೆ. ಸೀಳಿದ ಎಲ್ಬೋ ತುಂಡನ್ನು ಇಟ್ಟುಕೊಳ್ಳಿ ಎಂದದ್ದು ಅದಕ್ಕಾಗಿಯೇ. ಕ್ಲೇಮಿನ ಸೂಚನೆಯನ್ನು ಬಾಯಿಮಾತಿನಲ್ಲಿ ಬಿಡದೆ, ಇಂದೇ ಲಿಖಿತವಾಗಿ ಅಥವಾ ಇಮೇಲ್ ಮೂಲಕ ಕೊಟ್ಟು ಕ್ಲೇಮು ಸಂಖ್ಯೆ ಪಡೆಯಿರಿ. ಕಾರಣ ಖಚಿತವಾಗುವವರೆಗೆ ಪತ್ರದಲ್ಲಿ "ಪಾಯ ಕುಸಿದಿದೆ" ಎಂದು ತೀರ್ಪು ಕೊಡಬೇಡಿ. ಇಂತಹ ದಿನ ನೆಲದಡಿಯ ಪೈಪು ಒಡೆದದ್ದು ಕಂಡುಬಂತು, ಅನಂತರ ಇಂತಹ ಗೋಡೆಯಲ್ಲಿ ಬಿರುಕು ಕಾಣಿಸಿತು ಎಂದು ನಡೆದದ್ದನ್ನು ನಡೆದಂತೆ ಬರೆಯಿರಿ.

ಉತ್ತರ: ಸಿವಿಲ್ ಎಂಜಿನಿಯರ್, ಬಾಗಲಕೋಟೆ

ಮೇಲಿನ ಸಲಹೆಗಾರರು ಹೇಳಿದ್ದಕ್ಕೆ ತಾಂತ್ರಿಕ ಭಾಗವನ್ನು ಸೇರಿಸುತ್ತೇನೆ. ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೋನೈಟ್ ಎಂಬ ಜೇಡಿಖನಿಜವು ತನ್ನ ಪದರಗಳ ನಡುವೆ ನೀರನ್ನು ಎಳೆದುಕೊಂಡು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲದ ಬಿರುಕಿನಲ್ಲಿ ಕೋಲು ಇಳಿಯುವುದನ್ನು ನಮ್ಮ ಕಡೆ ಎಲ್ಲರೂ ಕಂಡಿದ್ದಾರೆ. ಮಳೆಗಾಲದಲ್ಲಿ ಇಡೀ ಮನೆಯ ಸುತ್ತ ಒಂದೇ ಸಮನೆ ತೇವವಾದರೆ ಮನೆ ಹೇಗೋ ತಡೆದುಕೊಂಡೀತು. ಒಂದೇ ಮೂಲೆಯ ಕೆಳಗೆ ಪೈಪಿನ ನೀರು ನಿಂತು ಉಳಿದ ಮೂರು ಮೂಲೆಗಳು ಒಣಗಿಯೇ ಇದ್ದಾಗ ಒಂದು ಕಡೆ ಮಾತ್ರ ಚಲನೆಯಾಗಿ ಗೋಡೆ ಸೀಳುತ್ತದೆ. ನೆಲಮಹಡಿ ಮಾತ್ರ ಇರುವ ಹಗುರವಾದ ಮನೆಗೆ ಈ ಉಬ್ಬುವಿಕೆಯನ್ನು ಅದುಮಿ ಹಿಡಿಯುವಷ್ಟು ಭಾರವೂ ಇರುವುದಿಲ್ಲ.

ಅಕ್ಕೋರೇ, ಒಂದು ವಿಷಯವನ್ನು ದಯವಿಟ್ಟು ಅಳೆದು ತಿಳಿಸಿ. ಬಿರುಕು ಮೇಲ್ಗಡೆ ಅಗಲವೋ ಕೆಳಗಡೆ ಅಗಲವೋ? ಮೂಲೆ ಕೆಳಗೆ ಇಳಿದಿದ್ದರೆ ಸಾಮಾನ್ಯವಾಗಿ ಬಿರುಕು ಮೇಲಕ್ಕೆ ಹೋದಂತೆ ಅಗಲವಾಗುತ್ತದೆ. ಮೂಲೆ ಮೇಲಕ್ಕೆ ಎದ್ದಿದ್ದರೆ ಕೆಳಭಾಗದಲ್ಲಿ ಅಗಲವಾಗಿ ಮೇಲಕ್ಕೆ ಕಿರಿದಾಗುತ್ತದೆ. ಸ್ಪಿರಿಟ್ ಲೆವೆಲ್ ಅಥವಾ ನೀರು ತುಂಬಿದ ಪಾರದರ್ಶಕ ನಳಿಕೆಯಿಂದ ನಾಲ್ಕು ಮೂಲೆಗಳ ನೆಲದ ಮಟ್ಟವನ್ನೂ ನೋಡಿಸಿ. ಪಶ್ಚಿಮದ ಅಗೆತ ಕಾರಣವಾಗಿದ್ದರೆ ಆ ಕಡೆಯ ಗೋಡೆಗಳಲ್ಲಿ ಬಿರುಕು ಕಾಣಬೇಕಾಗಿತ್ತು. ಅಗೆತಕ್ಕೆ ಬೆನ್ನು ಮಾಡಿರುವ ಈಶಾನ್ಯ ಮೂಲೆ ಮಾತ್ರ ಸೀಳಿದೆ ಎನ್ನುವುದೇ ನನಗೆ ಪೈಪಿನ ಮೇಲೆ ಸಂಶಯ ಹೆಚ್ಚಿಸುತ್ತದೆ. ಭೂಕಂಪ ಈ ಪಾಲಿಸಿಯ ವ್ಯಾಪ್ತಿಯಲ್ಲಿಯೇ ಇದ್ದರೂ, ಕೂದಲೆಳೆಯ ಆ ಹಳೆಯ ಗೆರೆಗಳನ್ನು ಈ ಬಿರುಕಿನೊಂದಿಗೆ ಬೆರೆಸಿದರೆ ಇರುವ ಕ್ಲೇಮು ದುರ್ಬಲವಾಗುತ್ತದೆ.

ಬಿರುಕು ಇನ್ನೂ ಚಲಿಸುತ್ತಿದೆಯೇ ಎಂದು ತಿಳಿಯಲು ಅಗ್ಗದ ಉಪಾಯವಿದೆ. ಗಾಜಿನ ತೆಳು ಪಟ್ಟಿಯೊಂದನ್ನು ಬಿರುಕಿಗೆ ಅಡ್ಡಲಾಗಿ ಇಟ್ಟು, ಅದರ ಎರಡು ತುದಿಗಳನ್ನು ಮಾತ್ರ ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಗೋಡೆಗೆ ಅಂಟಿಸಿ, ಪಕ್ಕದಲ್ಲಿ ದಿನಾಂಕ ಬರೆಯಿರಿ. ಗೋಡೆ ಸರಿದರೆ ಗಾಜು ಪಟ್ಟನೆ ಸೀಳುತ್ತದೆ. ಬಿರುಕಿನ ತುದಿಯಲ್ಲಿ ಪೆನ್ಸಿಲ್ಲಿನಿಂದ ಗೆರೆ ಎಳೆದು ದಿನಾಂಕ ಹಾಕಿದರೆ ಅದು ಉದ್ದವಾಗುತ್ತಿದೆಯೇ ಎಂಬುದೂ ಗೊತ್ತಾಗುತ್ತದೆ. ಸರ್ವೇಯರರಿಗೂ ಇದು ಬಾಯಿಮಾತಿಗಿಂತ ಗಟ್ಟಿಯಾದ ದಾಖಲೆ.

ಮಣ್ಣಿನ ಮುಕ್ತ ಉಬ್ಬು ಸೂಚ್ಯಂಕ ಪರೀಕ್ಷೆಯನ್ನೂ ಮಾಡಿಸಿ. ಮಣ್ಣಿನ ಪರೀಕ್ಷೆಗಳ ಭಾರತೀಯ ಮಾನಕವಾದ ಐಎಸ್ 2720ರ 40ನೇ ಭಾಗದಲ್ಲಿ ಇದರ ವಿಧಾನವಿದೆ. ಜರಡಿ ಹಿಡಿದ ಹತ್ತು ಹತ್ತು ಗ್ರಾಂ ಮಣ್ಣನ್ನು ಎರಡು ಗಾಜಿನ ಅಳತೆಕೊಳವೆಗಳಲ್ಲಿ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲವಾದ್ದರಿಂದ ನೀರಿನ ಕೊಳವೆಯಲ್ಲಿ ಅದು ಎಷ್ಟು ಮೇಲೆ ಬಂದಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಆ ಹೆಚ್ಚಳ ಶೇಕಡ 50ಕ್ಕಿಂತ ಹೆಚ್ಚಿದ್ದರೆ ಪಾಯದ ವಿಷಯದಲ್ಲಿ ಎಚ್ಚರ ಬೇಕು.

ದುರಸ್ತಿಯ ಬಗ್ಗೆ ಒಂದು ಮಾತು. ಮೂಲೆ ಎದ್ದಿರುವ ಸ್ಥಿತಿಯಲ್ಲಿಯೇ ಅದರ ಕೆಳಗೆ ಕಾಂಕ್ರೀಟ್ ತುಂಬಿದರೆ, ಮಣ್ಣು ಒಣಗಿ ಕುಗ್ಗಿದಾಗ ಸುತ್ತಲಿನ ಗೋಡೆ ಇಳಿದು ಆ ಮೂಲೆ ಮಾತ್ರ ಎತ್ತರದಲ್ಲಿ ನಿಲ್ಲಬಹುದು. ಆದ್ದರಿಂದ ಒಂದು ಬೇಸಿಗೆ ಕಳೆದು ಮಣ್ಣಿನ ತೇವ ಸಮವಾಗುವವರೆಗೆ ಕಾಯುವುದು ಒಳ್ಳೆಯದು. ಅಷ್ಟರಲ್ಲಿ ಪೈಪನ್ನು ನೆಲದಡಿಯಿಂದ ತೆಗೆದು ಗೋಡೆಯ ಹೊರಗೆ ಹಾಯಿಸಿ. ಮನೆಯ ಸುತ್ತ ಎರೆಮಣ್ಣು ತೆಗೆದು ಗರಸು ತುಂಬಿ ಕುಟ್ಟಿ, ಅದರ ಮೇಲೆ ಹೊರಗಡೆಗೆ ಇಳಿಜಾರಾಗಿ ಕಾಂಕ್ರೀಟ್ ಹಾಸು ಹಾಕಿಸಿ. ಗೋಡೆಗೆ ತಾಗಿಕೊಂಡು ಗಿಡಗಳ ಪಾತಿ ಇದ್ದರೆ ದೂರ ಸರಿಸಿ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಅಳೆದು ನೋಡಿದೆವು. ಬಿರುಕು ಕೆಳಗಡೆ ಅಗಲವಾಗಿ, ಕಿಟಕಿಯ ಹತ್ತಿರ ಕಿರಿದಾಗಿದೆ. ನಳಿಕೆಯ ನೀರಿನಿಂದ ಮಟ್ಟ ನೋಡಿದಾಗ ಬಚ್ಚಲಮನೆಯ ಕಡೆಯ ನೆಲವೇ ಎತ್ತರದಲ್ಲಿದೆ. ಪಶ್ಚಿಮದ ಗೋಡೆಗಳಲ್ಲಿ ಹೊಸ ಬಿರುಕು ಇಲ್ಲ. ಇಮೇಲ್ ಮೂಲಕ ಸೂಚನೆ ಕೊಟ್ಟಿದ್ದೇವೆ, ಸರ್ವೇಯರ್ ಬರುವುದಾಗಿ ಉತ್ತರ ಬಂದಿದೆ. ಒಂದು ವೇಳೆ ಕಂಪನಿಯವರು ಒಪ್ಪದಿದ್ದರೆ ಮುಂದಿನ ದಾರಿ ಯಾವುದು? ಪಕ್ಕದವರ ಅಗೆತದಿಂದ ಮುಂದೆ ತೊಂದರೆಯಾದರೆ ಏನು ಮಾಡಬಹುದು? ಹಣ ಬಂದರೆ ಅದು ಬ್ಯಾಂಕಿಗೆ ಹೋಗುತ್ತದೆಯೇ ಎಂಬುದೂ ನಮ್ಮ ಯಜಮಾನರ ಪ್ರಶ್ನೆ.

ಉತ್ತರ: ವಕೀಲರು, ವಿಜಯಪುರ

ಅಕ್ಕೋರೇ, ಸರ್ವೇಯರ್ ವಿರುದ್ಧವಾಗಿ ವರದಿ ಕೊಟ್ಟರೆ ಎಲ್ಲವೂ ಮುಗಿಯಿತೆಂದು ತಿಳಿಯಬೇಕಾಗಿಲ್ಲ. ಸರ್ವೇಯರ್ ವರದಿಗೆ ಮಹತ್ವವಿದ್ದರೂ ಅದೇ ಕೊನೆಯ ಮಾತಲ್ಲವೆಂದು ಸುಪ್ರೀಂ ಕೋರ್ಟು 2009ರಲ್ಲಿಯೇ ಹೇಳಿದೆ. ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ತಿರಸ್ಕಾರವನ್ನು ಪಾಲಿಸಿಯ ಯಾವ ಷರತ್ತಿನಡಿ ಮಾಡಲಾಗಿದೆ ಎಂಬುದನ್ನು ಲಿಖಿತವಾಗಿಯೇ ಕೇಳಿ. ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅವರು ತಿರಸ್ಕರಿಸಿದರೆ ಅಥವಾ ಒಂದು ತಿಂಗಳಲ್ಲಿ ಉತ್ತರಿಸದಿದ್ದರೆ ವಿಮಾ ದೂರುಗಳನ್ನು ವಿಚಾರಿಸಿ ಇತ್ಯರ್ಥಪಡಿಸುವ, ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. (ನಮ್ಮ ವೃತ್ತಿಯವನಾಗಿ ಇದನ್ನು ಹೇಳುವುದು ಸ್ವಲ್ಪ ಕಷ್ಟವೇ!) ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಅದಕ್ಕೆ ವ್ಯಾಜ್ಯ ಕಾರಣ (ದೂರಿಗೆ ಕಾರಣವಾದ ಸಂಗತಿ) ಹುಟ್ಟಿದಂದಿನಿಂದ ಎರಡು ವರ್ಷಗಳ ಅವಧಿ. ಒಂದೇ ವಿಷಯವನ್ನು ಎರಡೂ ಕಡೆ ಏಕಕಾಲಕ್ಕೆ ಒಯ್ಯಬೇಡಿ.

ಪಕ್ಕದ ಅಗೆತದ ವಿಷಯ ವಿಮೆಯಿಂದ ಪ್ರತ್ಯೇಕ. 1882ರ ಭಾರತೀಯ ಅನುಭೋಗ ಹಕ್ಕುಗಳ ಕಾಯ್ದೆಯ 7ನೇ ಕಲಮಿನಂತೆ ಒಬ್ಬರ ಭೂಮಿಗೆ ನೆರೆಯ ಭೂಮಿಯಿಂದ ಸಹಜವಾಗಿ ಸಿಗುವ ಆಸರೆಯನ್ನು ಕಿತ್ತುಕೊಳ್ಳುವಂತಿಲ್ಲ. ಆದರೆ ಈ ಸಹಜ ಹಕ್ಕು ಖಾಲಿ ಭೂಮಿಗೆ ಸಂಬಂಧಿಸಿದ್ದು. ಅದರ ಮೇಲಿನ ಕಟ್ಟಡದ ಭಾರಕ್ಕೂ ಆಸರೆ ಬೇಕೆಂಬ ಹಕ್ಕು 15ನೇ ಕಲಮಿನಂತೆ 20 ವರ್ಷಗಳ ನಿರಂತರ ಅನುಭೋಗದಿಂದ ಬರುತ್ತದೆ. 2016ರ ಮನೆಗೆ ಆ ಅವಧಿ ಇನ್ನೂ ತುಂಬಿಲ್ಲ. ಹಾಗೆಂದು ಕೈಕಟ್ಟಿ ಕೂರಬೇಕಿಲ್ಲ. ಅಗೆದ ಗುಂಡಿಯ ಬದಿಗೆ ಆಸರೆ ಕೊಡದೆ ನಿರ್ಲಕ್ಷ್ಯದಿಂದ ಕೆಲಸ ಮಾಡಿ ಹಾನಿಯಾದರೆ ಪರಿಹಾರ ಕೇಳುವ ಹಕ್ಕು ನಿಮಗಿದೆ. ಈಗಲೇ ನಿಮ್ಮ ಪಶ್ಚಿಮದ ಗೋಡೆಗಳ ಒಳ ಹೊರಗಿನ ಚಿತ್ರಗಳನ್ನು ದಿನಾಂಕ ಸಹಿತ ತೆಗೆದಿಟ್ಟು, ಗುಂಡಿಯ ಬದಿಗೆ ಆಸರೆ ಕೊಡಬೇಕೆಂದು ನೆರೆಯವರಿಗೆ ಸೌಜನ್ಯದ ಪತ್ರವೊಂದನ್ನು ಬರೆದು, ಅದರ ಪ್ರತಿಯನ್ನು ಮಹಾನಗರ ಪಾಲಿಕೆಗೆ ಕೊಡಿ.

ಬಿಲ್ಡರ್ ಕಟ್ಟಿ ಮಾರಿದ, ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಗೆ ಒಳಪಟ್ಟ ಯೋಜನೆಗಳ ಮನೆಗಳಲ್ಲಾದರೆ, ಸ್ವಾಧೀನ ಪಡೆದ ಐದು ವರ್ಷಗಳೊಳಗೆ ಕಂಡ ರಚನಾ ದೋಷವನ್ನು ಬಿಲ್ಡರೇ ಖರ್ಚಿಲ್ಲದೆ ಸರಿಪಡಿಸಬೇಕು. ನೀವೇ ಗುತ್ತಿಗೆ ಕೊಟ್ಟು ಕಟ್ಟಿಸಿದ್ದರಿಂದ ಅದು ನಿಮಗೆ ಅನ್ವಯಿಸದು.

ಉತ್ತರ: ಮುಧೋಳದವ, ಈಗ ಡಲ್ಲಾಸ್

ಅಕ್ಕೋರು ಓದಿದ ಲೇಖನಗಳಲ್ಲಿ ಹೆಚ್ಚಿನವು ನಾನಿರುವ ಟೆಕ್ಸಾಸಿನ ಬಗ್ಗೆಯೇ ಇದ್ದಿರಬೇಕು. ಇಲ್ಲಿಯೂ ನಮ್ಮ ಎರೆಮಣ್ಣಿನಂತೆಯೇ ಉಬ್ಬುವ ಜೇಡಿಯಿದೆ. ಬೇಸಿಗೆಯಲ್ಲಿ ಪಾಯದ ಸುತ್ತ ತೂತಿನ ಪೈಪು ಹಾಸಿ ಮಣ್ಣಿಗೆ ನೀರುಣಿಸುವವರನ್ನು ನೋಡಿ ನಮ್ಮೂರಿನಿಂದ ಬಂದವರು ನಗುತ್ತಾರೆ. ಅಮೆರಿಕದ ಸಾಮಾನ್ಯ ಗೃಹವಿಮೆಯಲ್ಲಿ ಪಾಯ ಕೂರುವುದು, ಬಿರಿಯುವುದು, ಕುಗ್ಗುವುದು, ಉಬ್ಬುವುದು ಎಲ್ಲವನ್ನೂ ಹೊರಗಿಟ್ಟಿರುತ್ತಾರೆ. ಭೂಕಂಪಕ್ಕೂ ಪ್ರವಾಹಕ್ಕೂ ಬೇರೆಯಾಗಿಯೇ ವಿಮೆ ಮಾಡಿಸಬೇಕು. ಭಾರತದ ಪ್ರಮಾಣಿತ ಪಾಲಿಸಿಯಲ್ಲಿ ಅವೆರಡೂ ಒಳಗೇ ಇವೆ. ಬ್ರಿಟನ್ನಿನಲ್ಲಿ 1971ರಿಂದ ನೆಲದ ಕುಸಿತ ಸಾಮಾನ್ಯ ಗೃಹವಿಮೆಯಲ್ಲಿ ಸೇರಿದ್ದು, ಅಲ್ಲಿನ ಪಾಲಿಸಿಗಳಲ್ಲಿ ನೆಲ ಉಬ್ಬುವುದನ್ನೂ ಅದರೊಂದಿಗೆ ಹೆಸರಿಸುತ್ತಾರೆ. ಆದ್ದರಿಂದ ಇನ್ನೊಂದು ದೇಶದ ಲೇಖನವನ್ನು ಹಿಡಿದು ನಿಮ್ಮ ಪಾಲಿಸಿಯನ್ನು ಓದಿದರೆ ಗೊಂದಲವೇ ಹೆಚ್ಚು.

ಉತ್ತರ: ವಿಮಾ ಸಲಹೆಗಾರ, ಬೆಳಗಾವಿ

ಎಂಜಿನಿಯರ್ ಸಾಹೇಬರು ಕೇಳಿದ ಅಳತೆಯಿಂದ ವಿಷಯ ತಿಳಿಯಾಯಿತು. ಮೂಲೆ ಎದ್ದಿರುವುದರಿಂದ ಇದನ್ನು ನೆಲದ ಕುಸಿತದ ಸಾಲಿನಡಿ ಕೇಳುವುದರಲ್ಲಿ ಅರ್ಥವೇ ಇಲ್ಲ. ಪೈಪು ಒಡೆದ ಸಾಲಿನಡಿಯೇ ಕೇಳಿ. ಎಂಜಿನಿಯರರ ಲಿಖಿತ ವರದಿಯಲ್ಲಿ ನೆಲದ ಮಟ್ಟಗಳು, ಬಿರುಕಿನ ಆಕಾರ, ಮಣ್ಣಿನ ಪರೀಕ್ಷೆ, ಒಡೆದ ಪೈಪಿನ ಜಾಗ ಈ ನಾಲ್ಕೂ ಒಂದೇ ನಕ್ಷೆಯಲ್ಲಿ ಬರಲಿ. ವಾಸ್ತುಶಿಲ್ಪಿ, ಎಂಜಿನಿಯರ್ ಮುಂತಾದವರ ಶುಲ್ಕವನ್ನು ಕ್ಲೇಮು ಮೊತ್ತದ ಶೇಕಡ 5ರವರೆಗೆ, ಅವಶೇಷ ತೆಗೆಯುವ ಖರ್ಚನ್ನು ಶೇಕಡ 2ರವರೆಗೆ ಈ ಪಾಲಿಸಿ ಕೊಡುತ್ತದೆ. ಆದರೆ ಕ್ಲೇಮು ತಯಾರಿಸಿಕೊಳ್ಳಲು ಮಾಡಿದ ಖರ್ಚು ಅದರಲ್ಲಿ ಸೇರುವುದಿಲ್ಲವಾದ್ದರಿಂದ, ಎಂಜಿನಿಯರರ ಬಿಲ್ಲು ದುರಸ್ತಿಯ ವಿನ್ಯಾಸ ಮತ್ತು ಮೇಲ್ವಿಚಾರಣೆಗೆ ಎಷ್ಟು ಎಂಬುದನ್ನು ಬಿಡಿಸಿ ತೋರಿಸಲಿ.

ಹಣದ ಲೆಕ್ಕದಲ್ಲಿ ಒಂದು ನಿರೀಕ್ಷೆಯನ್ನು ಇಟ್ಟುಕೊಳ್ಳಬೇಡಿ. ಹಾನಿಯಾದ ಭಾಗವನ್ನು ಮೊದಲಿದ್ದ ಸ್ಥಿತಿಗೆ ತರಲು ತಗಲುವ ವೆಚ್ಚವನ್ನು ಮಾತ್ರ ಕಂಪನಿ ನೋಡುತ್ತದೆ. ಮನೆಯ ಸುತ್ತಲಿನ ಗರಸು, ಕಾಂಕ್ರೀಟ್ ಹಾಸು, ಪೈಪಿನ ಹೊಸ ದಾರಿ ಇವೆಲ್ಲ ಸುಧಾರಣೆಗಳು. ಅವು ನಿಮ್ಮ ಕೈಯಿಂದಲೇ ಹೋಗಬೇಕು. ಹಾಗಾಗಿ ಗುತ್ತಿಗೆದಾರರಿಂದ ಎರಡು ಅಂದಾಜುಪಟ್ಟಿಗಳನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿ. ಎರಡನ್ನೂ ಒಂದರಲ್ಲಿ ಕಲಸಿ ಕೊಟ್ಟರೆ ಸರ್ವೇಯರ್ ಎಲ್ಲದಕ್ಕೂ ಕತ್ತರಿ ಹಾಕುತ್ತಾರೆ.

ಯಜಮಾನರ ಪ್ರಶ್ನೆಗೆ ಉತ್ತರ: ಸಾಲ ಬಾಕಿ ಇದ್ದು ಪಾಲಿಸಿಯಲ್ಲಿ ಬ್ಯಾಂಕಿನ ಷರತ್ತು ಸೇರಿದ್ದರೆ ಹಣ ಬ್ಯಾಂಕಿನ ಮೂಲಕವೇ ಬರುತ್ತದೆ. ದುರಸ್ತಿಗೆ ಅದನ್ನು ಬಿಡುಗಡೆ ಮಾಡಬೇಕೆಂದು ಶಾಖಾ ವ್ಯವಸ್ಥಾಪಕರಿಗೆ ಈಗಲೇ ಪತ್ರ ಕೊಟ್ಟಿರಿ. ಬ್ಯಾಂಕಿನ ಮೂಲಕ ಮಾಡಿದ ಪಾಲಿಸಿಗಳಲ್ಲಿ ವಿಮಾ ಮೊತ್ತವನ್ನು ಸಾಲದ ಮೊತ್ತಕ್ಕೆ ಸರಿಯಾಗಿ ಬರೆದಿರುವುದನ್ನು ನಾನು ಆಗಾಗ ಕಾಣುತ್ತೇನೆ. ಅದು ಇರಬೇಕಾದದ್ದು ಕಾರ್ಪೆಟ್ ವಿಸ್ತೀರ್ಣವನ್ನು (ಗೋಡೆಗಳ ಒಳಗಿನ ಬಳಕೆಯ ಜಾಗ) ಇಂದಿನ ನಿರ್ಮಾಣ ದರದಿಂದ ಗುಣಿಸಿದಷ್ಟು. ಉದಾಹರಣೆಗೆ ಸಾವಿರ ಚದರ ಅಡಿಯನ್ನು ಚದರ ಅಡಿಗೆ 1,800 ರೂಪಾಯಿಯಂತೆ ಹಿಡಿದರೆ 18 ಲಕ್ಷ. ದರ ಹೇಳುವಾಗ ಪಾಯದ ವೆಚ್ಚವನ್ನೂ ಸೇರಿಸಿ ಹೇಳಿ, ಏಕೆಂದರೆ ಎರೆಭೂಮಿಯಲ್ಲಿ ಪಾಯವೇ ಒಳ್ಳೆಯ ಪಾಲು ನುಂಗುತ್ತದೆ. ನಿವೇಶನದ ಬೆಲೆ ಇದರಲ್ಲಿ ಬರುವುದಿಲ್ಲ.

ಈ ಕ್ಲೇಮು ಕೈಗೂಡದಿದ್ದರೂ ಪಾಲಿಸಿಯನ್ನು ಬಿಡಬೇಡಿ. 2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಉಕ್ಕಿದಾಗ ನಮ್ಮ ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಮನೆ ಕಳೆದುಕೊಂಡ ಎಷ್ಟೋ ಜನರಿಗೆ ಆಸರೆಯಾಗಿದ್ದದ್ದು ಸರ್ಕಾರದ ಪರಿಹಾರ ಮಾತ್ರ. ಪೂರ್ತಿ ಬಿದ್ದ ಮನೆಗೆ ಸರ್ಕಾರ ಘೋಷಿಸಿದ್ದು 5 ಲಕ್ಷ ರೂಪಾಯಿ. ನವೀಕರಣದ ಹೊತ್ತಿಗೆ ಕಂಪನಿ ಬದಲಿಸುವುದಾದರೆ ಈಗಿರುವ ಬಿರುಕನ್ನು ಪ್ರಸ್ತಾವ ಪತ್ರದಲ್ಲಿ ಮುಚ್ಚಿಡದೆ ತಿಳಿಸಿ. ಇಲ್ಲವಾದರೆ ನಾಳೆ ಬೇರೆ ಕಾರಣದ ಕ್ಲೇಮಿಗೂ ಅದೇ ನೆಪವಾಗುತ್ತದೆ. ದುರಸ್ತಿ ಮುಗಿದ ಮೇಲೆ ಎಂಜಿನಿಯರರ ವರದಿ, ಬಿಲ್ಲುಗಳು ಮತ್ತು ಚಿತ್ರಗಳ ಪ್ರತಿಗಳನ್ನು ಆ ಪತ್ರಕ್ಕೆ ಲಗತ್ತಿಸಿ ಸ್ವೀಕೃತಿ ಪಡೆಯಿರಿ.